ಗೋಡೆಯ ಮೇಲಿನ ಮಾನವ ಕುಟುಂಬ

ಛಾಯಾಚಿತ್ರವನ್ನು ನಾವು ಎರಡು ಬಗೆಯಲ್ಲಿ ನೋಡುತ್ತೇವೆ. ಒಂದು, ಮನೆಯ ಪಡಸಾಲೆಯಲ್ಲಿ ಕಟ್ಟುಹಾಕಿಸಿ ತೂಗುಬಿಟ್ಟ ಪಟ. ಅದರಲ್ಲಿರುವವರು ನಮ್ಮವರು. ಅವರ ಹೆಸರು, ಊರು, ಪಟ ತೆಗೆಸಿದ ಸಂದರ್ಭ, ಅಂದು ತಲೆಗೆ ಸುತ್ತಿದ್ದ ಜರಿಪೇಟ ಯಾರಿಂದ ಎರವಲು ತಂದದ್ದು ಎಂಬುದು ಕೂಡ ಮನೆಯ ಹಿರಿಯರಿಗೆ ತಿಳಿದಿರುತ್ತದೆ. ಇನ್ನೊಂದು, ಚಿತ್ರಶಾಲೆಯ ಗೋಡೆಯ ಮೇಲೆ ಕಾಣುವ ಚಿತ್ರ. ಅದರಲ್ಲಿರುವವರು ನಮಗೆ ಏನೂ ಆಗಬೇಕಾದವರಲ್ಲ. ಅವರ ಹೆಸರೂ ನಮಗೆ ತಿಳಿಯದು. ಆದರೂ ಅದರ ಮುಂದೆ ನಿಂತಾಗ ಆ ಮುಖದಲ್ಲಿ ಏನನ್ನೋ ಗುರುತಿಸಿದಂತಾಗಿ, ಮುಂದಕ್ಕೆ ಹೋಗಲು ಕಾಲು ಏಳುವುದಿಲ್ಲ.

ಈ ಎರಡು ನೋಟಗಳನ್ನೂ ಒಂದು ಮಾಡಬೇಕು, ಲೋಕದ ಅಪರಿಚಿತರನ್ನೆಲ್ಲ ನಮ್ಮ ಮನೆಯವರೆಂಬಂತೆ ತೋರಿಸಬೇಕು ಎಂದು ಒಬ್ಬ ಕಲಾವಿದ ಪಣತೊಟ್ಟು, ೧೯೫೫ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದ. ಅದರ ಹೆಸರು 'ದಿ ಫ್ಯಾಮಿಲಿ ಆಫ್ ಮ್ಯಾನ್', ಎಂದರೆ ಮಾನವ ಕುಟುಂಬ. ಛಾಯಾಚಿತ್ರಗಳ ಪ್ರದರ್ಶನಗಳಲ್ಲಿ ಇಷ್ಟು ಜನ ನೋಡಿದ್ದು, ಇಷ್ಟು ಹೊಗಳಿಸಿಕೊಂಡದ್ದು, ಇಷ್ಟು ತೆಗಳಿಸಿಕೊಂಡದ್ದು ಇನ್ನೊಂದು ಇರಲಾರದು. ಅದರ ಕಥೆಯನ್ನು ತಿಳಿದರೆ, ಇಂದು ಯಾವುದೇ ಊರಿನಲ್ಲಿ ಛಾಯಾಚಿತ್ರ ಪ್ರದರ್ಶನಕ್ಕೆ ಹೋದಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದೂ ತಿಳಿದೀತು.

ಆ ಕಲಾವಿದನ ಹೆಸರು ಎಡ್ವರ್ಡ್ ಸ್ಟೈಕನ್. ಯೂರೋಪಿನ ಪುಟ್ಟ ದೇಶವಾದ ಲಕ್ಸೆಂಬರ್ಗಿನಲ್ಲಿ ೧೮೭೯ರಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ವಲಸೆ ಹೋದವನು. ತಂದೆ ತಾಮ್ರದ ಗಣಿಯಲ್ಲಿ ಕೂಲಿ. ತಾಯಿ ಹೆಂಗಸರ ಟೋಪಿಗಳನ್ನು ಮಾಡಿ ಮಾರಿ ಸಂಸಾರ ಸಾಗಿಸಿದವಳು. ಹುಡುಗ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತ, ಜೊತೆಗೆ ಚಿತ್ರಕಲೆಯನ್ನೂ ಛಾಯಾಗ್ರಹಣವನ್ನೂ ಕಲಿತ.

ಆಗ ಛಾಯಾಚಿತ್ರಕ್ಕೆ ಚಿತ್ರಶಾಲೆಯಲ್ಲಿ ಗೌರವದ ಸ್ಥಾನ ಇರಲಿಲ್ಲ. ೧೮೩೯ರಲ್ಲಿ ಪ್ಯಾರಿಸಿನಲ್ಲಿ ಡಾಗೇರನ ವಿಧಾನ ಪ್ರಕಟವಾದಂದಿನಿಂದ, ಅದು ಯಂತ್ರದ ಕೆಲಸ, ಕಲೆಯಲ್ಲ ಎಂಬ ವಾದ ನಡೆದೇ ಇತ್ತು. ಕುಂಚ ಹಿಡಿದವನ ಕೈಯಲ್ಲಿ ಮನಸ್ಸು ಕೆಲಸ ಮಾಡುತ್ತದೆ. ಕ್ಯಾಮೆರಾ ಹಿಡಿದವನು ಗುಂಡಿ ಒತ್ತುತ್ತಾನೆ, ಅಷ್ಟೆ ಎಂದು ದೊಡ್ಡವರು ಮೂಗು ಮುರಿಯುತ್ತಿದ್ದರು. ಈ ತಿರಸ್ಕಾರಕ್ಕೆ ಉತ್ತರವಾಗಿ ೧೯೦೫ರಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಛಾಯಾಗ್ರಾಹಕ, ಸ್ಟೈಕನ್ನನ ನೆರವಿನಿಂದ, ನ್ಯೂಯಾರ್ಕಿನ ಐದನೆಯ ಅವೆನ್ಯೂವಿನಲ್ಲಿ ಒಂದು ಸಣ್ಣ ಚಿತ್ರಶಾಲೆಯನ್ನು ತೆರೆದ. ಅಂಥ ಪ್ರಯತ್ನಗಳು ಹಲವು ವರ್ಷ ನಡೆದ ಮೇಲೆ, ೧೯೪೦ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಛಾಯಾಚಿತ್ರಕ್ಕೆಂದೇ ಒಂದು ವಿಭಾಗವನ್ನು ತೆರೆಯಿತು. ೧೯೪೭ರಲ್ಲಿ ಸ್ಟೈಕನ್ ಆ ವಿಭಾಗದ ನಿರ್ದೇಶಕನಾದ. ಆಗ ಅವನಿಗೆ ೬೮ ವರ್ಷ.

ಈ ನಡುವೆ ಅವನು ಎರಡು ಮಹಾಯುದ್ಧಗಳನ್ನು ಕಂಡಿದ್ದ. ಮೊದಲನೆಯದರಲ್ಲಿ ಅಮೆರಿಕ ಸೈನ್ಯಕ್ಕಾಗಿ ವಿಮಾನದಿಂದ ಚಿತ್ರ ತೆಗೆಸುವ ಕೆಲಸ. ಎರಡನೆಯದರಲ್ಲಿ, ಅರವತ್ತು ದಾಟಿದ್ದರೂ, ನೌಕಾದಳದ ಛಾಯಾಗ್ರಾಹಕರ ಒಂದು ತಂಡದ ಮುಖ್ಯಸ್ಥನ ಕೆಲಸ. ಯುದ್ಧದ ಚಿತ್ರಗಳನ್ನು ಸೇರಿಸಿ ಅವನು ಮೂರು ಪ್ರದರ್ಶನಗಳನ್ನು ನಡೆಸಿದ. ಕೊನೆಯದು ೧೯೫೧ರಲ್ಲಿ, ಕೊರಿಯ ಯುದ್ಧವನ್ನು ಕುರಿತದ್ದು. ಯುದ್ಧದ ಭೀಕರತೆಯನ್ನು ಕಣ್ಣಾರೆ ಕಂಡರೆ ಜನ ಯುದ್ಧವನ್ನೇ ಬೇಡವೆಂದಾರು ಎಂದು ಅವನ ಆಸೆ. ಜನ ಬಂದರು, ನೋಡಿದರು, ಕೆಲವರು ಕಣ್ಣೀರನ್ನೂ ಹಾಕಿದರು. ಹೊರಗೆ ಹೋದಮೇಲೆ ಮರೆತರು. ಕೇಡನ್ನು ತೋರಿಸಿ ಪ್ರಯೋಜನವಿಲ್ಲ, ಮನುಷ್ಯರನ್ನು ಒಂದುಗೂಡಿಸುವುದು ಯಾವುದೋ ಅದನ್ನೇ ತೋರಿಸಬೇಕು ಎಂಬ ನಿಶ್ಚಯಕ್ಕೆ ಅವನು ಬಂದದ್ದು ಈ ಅನುಭವದಿಂದ. ಮಾನವ ಕುಟುಂಬದ ಪ್ರದರ್ಶನ ಹುಟ್ಟಿದ್ದು ಹೀಗೆ, ಒಂದು ನಿರಾಶೆಯಿಂದ.

೧೯೫೨ರಲ್ಲಿ ಸ್ಟೈಕನ್ ಯೂರೋಪಿನ ೧೧ ದೇಶಗಳ ೨೯ ನಗರಗಳನ್ನು ಸುತ್ತಿ ಚಿತ್ರಗಳನ್ನು ಹುಡುಕಿದ. ಲೋಕದ ಎಲ್ಲ ಕಡೆಯ ಛಾಯಾಗ್ರಾಹಕರಿಗೂ ಕರೆ ಹೋಯಿತು. ಹೆಸರಾಂತವರೂ ಕಳಿಸಿದರು, ಹವ್ಯಾಸಿಗಳೂ ಕಳಿಸಿದರು. ಪತ್ರಿಕೆಗಳ ಕಡತಗಳನ್ನೂ ಜಾಲಾಡಿದ್ದಾಯಿತು. ಸ್ಟೈಕನ್ನನೂ ಅವನ ಸಹಾಯಕ ವೇಯ್ನ್ ಮಿಲ್ಲರನೂ ಸುಮಾರು ೨೦ ಲಕ್ಷ ಚಿತ್ರಗಳಿಂದ ೧೦ ಸಾವಿರವನ್ನು ಆರಿಸಿ, ಆ ಹತ್ತು ಸಾವಿರದಿಂದ ೫೦೩ನ್ನು ಉಳಿಸಿಕೊಂಡರು. ೬೮ ದೇಶಗಳ ಚಿತ್ರಗಳು, ೨೭೩ ಛಾಯಾಗ್ರಾಹಕರು. ಪ್ರದರ್ಶನಕ್ಕೆ ಮುನ್ನುಡಿಯನ್ನು ಬರೆದವನು ಕವಿ ಕಾರ್ಲ್ ಸ್ಯಾಂಡ್‌ಬರ್ಗ್; ಅವನು ಸ್ಟೈಕನ್ನನ ತಂಗಿಯ ಗಂಡ. ಕುಟುಂಬವನ್ನು ಕುರಿತ ಪ್ರದರ್ಶನದಲ್ಲಿ ಕುಟುಂಬದವರೂ ಕೈಗೂಡಿಸಿದ್ದರೆಂದು ಹೇಳಬಹುದು.

೧೯೫೫ರ ಜನವರಿ ೨೪ರಿಂದ ಮೇ ೮ರವರೆಗೆ ನ್ಯೂಯಾರ್ಕಿನಲ್ಲಿ ಅದನ್ನು ನೋಡಿದವರು ಎರಡೂವರೆ ಲಕ್ಷ ಜನ. ಒಳಗೆ ಹೋದವರಿಗೆ ಮೊದಲು ಆಶ್ಚರ್ಯವಾಗುತ್ತಿದ್ದುದು ಚಿತ್ರಗಳನ್ನು ಇಟ್ಟಿದ್ದ ಕ್ರಮ. ಕಟ್ಟಿಲ್ಲ, ಗಾಜಿಲ್ಲ, ಸಾಲಾಗಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಲ್ಲ. ಪಾಲ್ ರುಡಾಲ್ಫ್ ಎಂಬ ವಾಸ್ತುಶಿಲ್ಪಿ ಮಾಡಿದ ವಿನ್ಯಾಸದಲ್ಲಿ ಕೆಲವು ಚಿತ್ರಗಳು ಅಂಗೈಯಗಲ, ಕೆಲವು ಗೋಡೆಯಗಲ. ಕೆಲವು ಚಾವಣಿಯಿಂದ ಇಳಿಬಿದ್ದಿದ್ದವು, ಕೆಲವು ಕಂಬಗಳ ಮೇಲೆ ನಿಂತಿದ್ದವು. ನೋಡುವವರು ಅವುಗಳ ನಡುವೆ, ಜಾತ್ರೆಯಲ್ಲಿ ನಡೆದಂತೆ, ನಡೆಯಬೇಕಾಗಿತ್ತು.

ಚಿತ್ರಗಳ ಕ್ರಮ ಮನುಷ್ಯನ ಬಾಳಿನ ಕ್ರಮವೇ ಆಗಿತ್ತು. ಪ್ರೇಮ, ಮದುವೆ, ಬಸಿರು, ಹೆರಿಗೆ. ಹೆರಿಗೆಯ ಚಿತ್ರಗಳಲ್ಲಿ ಒಂದು ವೇಯ್ನ್ ಮಿಲ್ಲರ್ ತೆಗೆದದ್ದು; ಹುಟ್ಟುತ್ತಿರುವ ಶಿಶು ಅವನ ಮಗ, ಅದನ್ನು ಎತ್ತಿಕೊಂಡಿರುವ ವೈದ್ಯ ಅವನ ತಂದೆ. ಆಮೇಲೆ ಮಕ್ಕಳ ಆಟ, ದುಡಿಮೆ, ಊಟ, ಹಾಡು, ಕುಣಿತ, ಕಲಿಕೆ, ಪ್ರಾರ್ಥನೆ, ಹಸಿವು, ಸಾವು. ಪೆರು ದೇಶದ ಒಬ್ಬ ಹುಡುಗ ಕೊಳಲೂದುವ ಚಿತ್ರ, ಹಾಡಿನ ಪಲ್ಲವಿಯಂತೆ, ಮತ್ತೆ ಮತ್ತೆ ಬರುತ್ತಿತ್ತು. ನಡುವೆ ದೊಡ್ಡದಾಗಿ ತೂಗುಬಿಟ್ಟ ನಾಲ್ಕು ಸಂಸಾರಗಳು: ಜಪಾನಿನದೊಂದು, ಇಟಲಿಯ ಸಿಸಿಲಿಯದೊಂದು, ಆಫ್ರಿಕದ ಬೆಚುವಾನಾಲ್ಯಾಂಡಿನದೊಂದು (೧೯೬೬ರಲ್ಲಿ ಸ್ವತಂತ್ರವಾಗಿ ಬೊಟ್ಸ್ವಾನ ಎನಿಸಿಕೊಂಡ ದೇಶ), ಅಮೆರಿಕದ್ದೊಂದು. ಅಜ್ಜಿ, ಸೊಸೆ, ಕೈಗೂಸು, ಮುಖ ಸಿಂಡರಿಸಿದ ಹುಡುಗ ನಾಲ್ಕರಲ್ಲೂ ಇದ್ದಂತೆ ಕಾಣುತ್ತದೆ. ಸ್ಟೈಕನ್ ಹೇಳಬೇಕೆಂದಿದ್ದ ಮಾತು ಇದೇ. ಚಿತ್ರಗಳ ನಡುವೆ ಲೋಕದ ನಾನಾ ಸಾಹಿತ್ಯಗಳಿಂದ ಆಯ್ದ ನುಡಿಗಳಿದ್ದವು. ನಮ್ಮ ಕಬೀರನೂ ಅಲ್ಲಿದ್ದ.

ಕೊನೆಯ ಭಾಗಕ್ಕೆ ಬಂದಾಗ ಒಂದು ಕತ್ತಲೆಯ ಕೋಣೆ. ಅಲ್ಲಿ ಒಂದೇ ಚಿತ್ರ, ಹಿಂದಿನಿಂದ ದೀಪ ಹಾಕಿ ಬೆಳಗಿಸಿದ್ದು. ಇಡೀ ಪ್ರದರ್ಶನದಲ್ಲಿ ಬಣ್ಣದ ಚಿತ್ರವೆಂದರೆ ಅದೊಂದೇ: ಹೈಡ್ರೋಜನ್ ಬಾಂಬಿನ ಸ್ಫೋಟ. ಅದು ಬರಿಯ ಕಲ್ಪನೆಯ ಭಯವಾಗಿರಲಿಲ್ಲ. ೧೯೫೪ರ ಮಾರ್ಚ್ ೧ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ನಡೆಸಿದ ಸ್ಫೋಟದ ವಿಷಧೂಳಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿದ್ದು, ಅದರಲ್ಲಿದ್ದ ೨೩ ಮಂದಿ ಕಾಯಿಲೆ ಬಿದ್ದಿದ್ದರು. ಈವರೆಗೆ ಕಂಡ ಆ ಎಲ್ಲ ತಾಯಂದಿರೂ ಮಕ್ಕಳೂ ಒಂದು ಕ್ಷಣದಲ್ಲಿ ಇಲ್ಲವಾಗಬಹುದು ಎಂಬುದನ್ನು ಆ ಕೋಣೆ ಮಾತಿಲ್ಲದೆ ಹೇಳುತ್ತಿತ್ತು.

ಅದನ್ನು ದಾಟಿ ಹೊರಕ್ಕೆ ಬರುವ ದಾರಿಯಲ್ಲಿ ವಿಶ್ವಸಂಸ್ಥೆಯ ಸಭೆಯ ದೊಡ್ಡ ಚಿತ್ರವೂ, ವಯಸ್ಸಾದ ದಂಪತಿಗಳ ಚಿತ್ರಗಳೂ, ಮತ್ತೆ ಮಕ್ಕಳೂ. ಎಲ್ಲಕ್ಕೂ ಕೊನೆಯದು ಯೂಜಿನ್ ಸ್ಮಿತ್ ೧೯೪೬ರಲ್ಲಿ ತೆಗೆದ ಚಿತ್ರ: ಇಬ್ಬರು ಪುಟ್ಟ ಮಕ್ಕಳು ಕೈಕೈ ಹಿಡಿದು ತೋಪಿನ ನೆರಳಿನಿಂದ ಬೆಳಕಿನ ಕಡೆಗೆ ನಡೆಯುತ್ತಿದ್ದಾರೆ, ನಮಗೆ ಕಾಣುವುದು ಅವರ ಬೆನ್ನು ಮಾತ್ರ. ಸ್ಮಿತ್ ಯುದ್ಧದ ಛಾಯಾಗ್ರಾಹಕ. ೧೯೪೫ರಲ್ಲಿ ಓಕಿನಾವಾ ದ್ವೀಪದಲ್ಲಿ ಸಿಡಿಗುಂಡಿನ ಚೂರುಗಳು ಬಡಿದು ಅವನ ಮುಖಕ್ಕೂ ಕೈಗೂ ಘೋರವಾದ ಗಾಯಗಳಾಗಿದ್ದವು, ಹಲವು ಶಸ್ತ್ರಚಿಕಿತ್ಸೆಗಳಾದವು. ಮತ್ತೆ ಕ್ಯಾಮೆರಾ ಹಿಡಿಯಬಲ್ಲೆನೆ ಎಂಬ ಸಂಶಯದಲ್ಲಿದ್ದವನು ತನ್ನ ಮಕ್ಕಳ ಹಿಂದೆ ನಡೆದುಹೋಗಿ ತೆಗೆದ ಚಿತ್ರ ಅದು.

ನಮ್ಮ ದೇಶಕ್ಕೂ ಈ ಪ್ರದರ್ಶನಕ್ಕೂ ನಂಟುಂಟು. ಅದರಲ್ಲಿದ್ದ ಭಾರತದ ಚಿತ್ರಗಳಲ್ಲಿ ಒಂದು ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ಚಲನಚಿತ್ರದ್ದು. ಚಲನಚಿತ್ರ ಆಗ ಇನ್ನೂ ಪೂರ್ತಿಯಾಗಿರಲಿಲ್ಲ; ಹಣವಿಲ್ಲದೆ ನಿಂತು ನಿಂತು ಸಾಗುತ್ತಿತ್ತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಕೊಟ್ಟ ಹಣದಿಂದ ಮುಗಿದು, ೧೯೫೫ರ ಮೇ ೩ರಂದು ಅದೇ ನ್ಯೂಯಾರ್ಕ್ ಸಂಗ್ರಹಾಲಯದಲ್ಲಿಯೇ ಮೊದಲ ಬಾರಿಗೆ ತೆರೆಯ ಮೇಲೆ ಬಂತು. ಮಾನವ ಕುಟುಂಬದ ಪ್ರದರ್ಶನ ಮುಗಿಯಲು ಇನ್ನೂ ಐದು ದಿನ ಉಳಿದಿತ್ತು. ಮರುವರ್ಷ, ೧೯೫೬ರಲ್ಲಿ, ಪ್ರದರ್ಶನವೇ ಭಾರತಕ್ಕೆ ಬಂದು ಮುಂಬಯಿಯ ಜಹಾಂಗೀರ್ ಚಿತ್ರಶಾಲೆಯಲ್ಲಿ ತೆರೆದುಕೊಂಡಿತು. ಆ ಚಿತ್ರಶಾಲೆ ಕಟ್ಟಿ ಆಗ ಕೆಲವೇ ವರ್ಷಗಳಾಗಿದ್ದವು.

ಹೀಗೆ ದೇಶದಿಂದ ದೇಶಕ್ಕೆ ಅದನ್ನು ಒಯ್ದದ್ದು ಅಮೆರಿಕ ಸರ್ಕಾರದ ವಾರ್ತಾ ಇಲಾಖೆ. ೧೯೬೨ರವರೆಗೆ ಅದರ ಹಲವು ಪ್ರತಿಗಳು ೩೭ ದೇಶಗಳಲ್ಲಿ ಸಂಚರಿಸಿದವು. ನೋಡಿದವರು ೯೦ ಲಕ್ಷಕ್ಕೂ ಹೆಚ್ಚು. ಅದು ಅಮೆರಿಕಕ್ಕೂ ರಷ್ಯಕ್ಕೂ ಶೀತಲ ಸಮರ ನಡೆಯುತ್ತಿದ್ದ ಕಾಲ. ಎಲ್ಲ ಮನುಷ್ಯರೂ ಒಂದೇ ಮನೆಯವರು ಎಂಬ ಮಾತು ನಿಜವಾದರೂ, ಆ ಮನೆಯ ಯಜಮಾನಿಕೆ ಯಾರದು ಎಂಬ ಪ್ರಶ್ನೆ ಕೇಳುವವರು ಇದ್ದೇ ಇದ್ದರು. ಅವರ ಆಕ್ಷೇಪಣೆಗಳನ್ನು ಅಸೂಯೆಯೆಂದು ತಳ್ಳಿಹಾಕುವಂತಿಲ್ಲ.

ಮುಖ್ಯವಾದ ಆಕ್ಷೇಪಣೆ ಚಿತ್ರಗಳ ಕೆಳಗೆ ಬರೆದಿದ್ದುದರ ಬಗ್ಗೆ. ಎಂದರೆ ಬರೆಯದೆ ಬಿಟ್ಟದ್ದರ ಬಗ್ಗೆ. ಪ್ರತಿ ಚಿತ್ರಕ್ಕೂ ದೇಶದ ಹೆಸರು ಮತ್ತು ತೆಗೆದವರ ಹೆಸರು, ಅಷ್ಟೇ. ಚಿತ್ರದಲ್ಲಿರುವವರು ಯಾರು, ಯಾವ ವರ್ಷ, ಏನು ನಡೆದಾಗ ಎಂಬುದು ಇಲ್ಲ. ಹೆಸರೂ ಕಾಲವೂ ಬಂದರೆ ನೋಡುವವನು ಇದು ಬೇರೆಯವರ ಕಥೆ ಎಂದುಕೊಳ್ಳುತ್ತಾನೆ, ಇಲ್ಲದಿದ್ದರೆ ತನ್ನದೇ ಎಂದುಕೊಳ್ಳುತ್ತಾನೆ ಎಂಬುದು ಇದರ ಹಿಂದಿನ ತರ್ಕ. ಇದರಿಂದ ಆದದ್ದೇನು ಎಂಬುದಕ್ಕೆ ಎರಡು ಚಿತ್ರಗಳನ್ನು ನೋಡೋಣ.

ಮೊದಲನೆಯದು ಡೊರೊಥಿಯ ಲ್ಯಾಂಗ್ ೧೯೩೬ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ, ಬಟಾಣಿ ಕೊಯ್ಲಿಗೆ ಬಂದ ಕೂಲಿಗಳ ಬಿಡಾರದಲ್ಲಿ ತೆಗೆದದ್ದು. ಒಬ್ಬ ತಾಯಿ ಗಲ್ಲಕ್ಕೆ ಕೈಯಿಟ್ಟು ದೂರಕ್ಕೆ ನೋಡುತ್ತಿದ್ದಾಳೆ; ಎರಡು ಮಕ್ಕಳು ಅವಳ ಭುಜಕ್ಕೆ ಮುಖ ಹುದುಗಿಸಿವೆ, ಮಡಿಲಲ್ಲಿ ಇನ್ನೊಂದು ಕೂಸು. ಬಡತನದ ತಾಯ್ತನಕ್ಕೆ ಜಗತ್ತಿನಲ್ಲೆಲ್ಲ ಗುರುತಾಗಿ ಹೋದ ಚಿತ್ರ. ಲ್ಯಾಂಗ್ ಆಕೆಯ ಹೆಸರು ಕೇಳಲಿಲ್ಲ. ತಾನು ಕೇಳಲಿಲ್ಲವೆಂದು ೧೯೬೦ರಲ್ಲಿ ತಾನೇ ಬರೆದಳು. ಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಸರ್ಕಾರ ಆ ಬಿಡಾರಕ್ಕೆ ೨೦ ಸಾವಿರ ಪೌಂಡು ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಡನೆ ಕೂಲಿ ಹುಡುಕಿಕೊಂಡು ಬೇರೆ ಊರಿಗೆ ಹೋಗಿಯಾಗಿತ್ತು. ೧೯೭೮ರಲ್ಲಿ ಒಬ್ಬ ಪತ್ರಕರ್ತ ಆಕೆಯನ್ನು ಪತ್ತೆಮಾಡಿದ. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನದವಳು. ಆ ಚಿತ್ರವನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಬಂದದ್ದು ಏನೂ ಇಲ್ಲ ಎಂದು ಆಕೆ ಹೇಳಿದಳು. ೪೨ ವರ್ಷ ಲೋಕವೆಲ್ಲ ಕಂಡ ಮುಖಕ್ಕೆ ಒಂದು ಹೆಸರಿದೆ, ಅದಕ್ಕೊಂದು ಅಭಿಪ್ರಾಯವೂ ಇದೆ ಎಂಬುದು ಅಂದು ಗೊತ್ತಾಯಿತು.

ಎರಡನೆಯದು ಯೋಸುಕೆ ಯಾಮಾಹಾಟ ತೆಗೆದ ಒಬ್ಬ ಬಾಲಕನ ಚಿತ್ರ. ಮುಖದಲ್ಲಿ ಗಾಯ, ಕೈಯಲ್ಲಿ ಒಂದು ಅನ್ನದ ಉಂಡೆ. ನೋಡುವವರು ಇದು ಯಾವುದೋ ಬಡ ಹುಡುಗ, ಯಾವುದೋ ಅಪಘಾತ ಎಂದುಕೊಂಡು ಮರುಗಬಹುದಾಗಿತ್ತು. ಚಿತ್ರ ತೆಗೆದದ್ದು ೧೯೪೫ರ ಆಗಸ್ಟ್ ೧೦ರಂದು, ನಾಗಸಾಕಿಯಲ್ಲಿ. ಹಿಂದಿನ ದಿನ ಅಲ್ಲಿ ಅಣುಬಾಂಬು ಬಿದ್ದಿತ್ತು. ಪ್ರದರ್ಶನ ೧೯೫೬ರಲ್ಲಿ ಟೋಕಿಯೊಗೆ ಹೋದಾಗ ಜಪಾನಿನವರು ಯಾಮಾಹಾಟನ ಇನ್ನೂ ಕೆಲವು ನಾಗಸಾಕಿ ಚಿತ್ರಗಳನ್ನು ಸೇರಿಸಿದರು. ಚಕ್ರವರ್ತಿ ನೋಡಲು ಬಂದಾಗ ಅವುಗಳಿಗೆ ಪರದೆ ಎಳೆಯಲಾಯಿತು; ಆಮೇಲೆ ತೆಗೆದೇ ಹಾಕಲಾಯಿತು. ಬಾಂಬಿನ ಸ್ಫೋಟವನ್ನು ಇಡೀ ಮನುಷ್ಯಕುಲಕ್ಕೆ ಒದಗಬಹುದಾದ ಆಪತ್ತೆಂದು ತೋರಿಸಿದ ಪ್ರದರ್ಶನದಲ್ಲಿ, ಅದು ಈಗಾಗಲೇ ಒಂದು ಊರಿನ ಮೇಲೆ, ಒಂದು ದೇಶದ ಕೈಯಿಂದ, ಒಂದು ದಿನ ಬಿದ್ದದ್ದಕ್ಕೆ ಜಾಗವಿರಲಿಲ್ಲ.

ಇಂಥದೇ ಇನ್ನೊಂದು ಸಂಗತಿ. ಮಿಸಿಸಿಪ್ಪಿಯಲ್ಲಿ ಬಿಳಿಯರ ಗುಂಪು ಒಬ್ಬ ನೀಗ್ರೋ ಮನುಷ್ಯನನ್ನು ಮರಕ್ಕೆ ಕಟ್ಟಿ ಕೊಂದ ಚಿತ್ರವೊಂದು ನ್ಯೂಯಾರ್ಕಿನಲ್ಲಿ ಮೊದಲು ಇತ್ತು. ಜನ ಅದರ ಮುಂದೆ ನಿಂತುಬಿಡುತ್ತಾರೆ, ಮುಂದಿನ ಚಿತ್ರಗಳಿಗೆ ಹೋಗುವ ಓಟ ಕೆಡುತ್ತದೆ ಎಂದು ಸ್ಟೈಕನ್ ಅದನ್ನು ಬೇಗನೆ ತೆಗೆಸಿದ. ೧೯೫೫ರ ಆಗಸ್ಟ್‌ನಲ್ಲಿ ಅದೇ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ೧೪ ವರ್ಷದ ನೀಗ್ರೋ ಬಾಲಕನನ್ನು ಬಿಳಿಯರು ಕೊಂದರು. ಮರುವರ್ಷ ಪ್ಯಾರಿಸಿನಲ್ಲಿ ಪ್ರದರ್ಶನ ನೋಡಿದ ರೊಲಾಂ ಬಾರ್ತ್ ಎಂಬ ವಿಮರ್ಶಕ, ಆ ಹುಡುಗನ ತಂದೆತಾಯಿಗಳನ್ನು ಕೇಳಿ, ಮಾನವರೆಲ್ಲ ಒಂದೇ ಕುಟುಂಬವೆಂಬುದಕ್ಕೆ ಅವರೇನು ಹೇಳುತ್ತಾರೋ ನೋಡೋಣ ಎಂಬ ಅರ್ಥದಲ್ಲಿ ಬರೆದ. ಹುಟ್ಟು ಸಾವು ಎಲ್ಲರಿಗೂ ಉಂಟು. ಆದರೆ ಯಾವ ಕೂಸು ಬದುಕುತ್ತದೆ, ಯಾವ ಕೂಸು ಸಾಯುತ್ತದೆ, ಯಾರ ದುಡಿಮೆಯ ಲಾಭ ಯಾರಿಗೆ ಹೋಗುತ್ತದೆ ಎಂಬುದು ಪ್ರಕೃತಿಯ ನಿಯಮವಲ್ಲ, ಚರಿತ್ರೆಯ ಕೆಲಸ ಎಂಬುದು ಅವನ ವಾದ. ೧೯೫೯ರಲ್ಲಿ ಮಾಸ್ಕೋವಿನಲ್ಲಿ ಒಬ್ಬ ನೈಜೀರಿಯದ ವಿದ್ಯಾರ್ಥಿ, ಕರಿಯ ಜನರನ್ನು ಹೀನವಾಗಿ ತೋರಿಸಿದೆಯೆಂದು ಸಿಟ್ಟಾಗಿ, ಕೆಲವು ಚಿತ್ರಗಳನ್ನು ಹರಿದೇ ಹಾಕಿದ.

ಹಾಗಾದರೆ ಸ್ಟೈಕನ್ ಮಾಡಿದ್ದು ತಪ್ಪೆ? ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ. ಹಿಟ್ಲರನ ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಜನಾಂಗ ಜನಾಂಗಕ್ಕೂ ಮೇಲುಕೀಳು ಉಂಟೆಂಬ ನಂಬಿಕೆ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತ್ತು. ಆ ನಂಬಿಕೆಗೆ ಎದುರಾಗಿ, ಜಪಾನಿನ ಅಜ್ಜಿಯನ್ನೂ ಅಮೆರಿಕದ ಅಜ್ಜಿಯನ್ನೂ ಒಂದೇ ಅಳತೆಯಲ್ಲಿ, ಒಂದೇ ಎತ್ತರದಲ್ಲಿ ತೂಗುಹಾಕುವುದು ಸಣ್ಣ ಕೆಲಸವಲ್ಲ. ನೋಡಿದ ಲಕ್ಷಾಂತರ ಜನರ ಮನಸ್ಸು ಕರಗಿದ್ದು ಸುಳ್ಳಲ್ಲ. ಅವನ ಕೊರತೆ ಇರುವುದು ಬೇರೆ ಕಡೆ. ಕುಟುಂಬವೆಂದರೆ ಮುಖಗಳ ಹೋಲಿಕೆ ಮಾತ್ರವಲ್ಲ. ಕುಟುಂಬದಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಯಾರ ಪಾಲು ಯಾರು ತಿಂದರು ಎಂಬ ಲೆಕ್ಕವೂ ಇರುತ್ತದೆ. ಹಳೆಯ ಅನ್ಯಾಯದ ನೆನಪೂ ಇರುತ್ತದೆ. ಹೆಸರನ್ನೂ ಲೆಕ್ಕವನ್ನೂ ನೆನಪನ್ನೂ ತೆಗೆದಿಟ್ಟರೆ ಉಳಿಯುವುದು ಒಂದು ಗುಂಪುಚಿತ್ರ.

ಮುಂದೆ ಬಂದ ಛಾಯಾಗ್ರಾಹಕರು ಈ ಪಾಠವನ್ನು ಕಲಿತರು. ಈ ಪ್ರದರ್ಶನದಲ್ಲಿ ತನ್ನ ಚಿತ್ರಗಳೂ ಇದ್ದ ರಾಬರ್ಟ್ ಫ್ರ್ಯಾಂಕ್, ಅಮೆರಿಕದ ಊರೂರು ಸುತ್ತಿ ಅಲ್ಲಿನ ಒಂಟಿತನವನ್ನೂ ವರ್ಣಭೇದವನ್ನೂ ತೋರಿಸುವ ಪುಸ್ತಕವನ್ನು ೧೯೫೮ರಲ್ಲಿ ಪ್ಯಾರಿಸಿನಲ್ಲಿ, ೧೯೫೯ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ. ೧೯೬೭ರಲ್ಲಿ ಅದೇ ನ್ಯೂಯಾರ್ಕ್ ಸಂಗ್ರಹಾಲಯದಲ್ಲಿ ಮೂವರೇ ಛಾಯಾಗ್ರಾಹಕರ ಪ್ರದರ್ಶನ ನಡೆಯಿತು. ಅವರ ಚಿತ್ರಗಳು ಲೋಕವನ್ನೆಲ್ಲ ಒಂದು ಮಾಡಲು ಹೊರಟವಲ್ಲ. ಒಬ್ಬೊಬ್ಬರು ಕಂಡದ್ದನ್ನು ಒಬ್ಬೊಬ್ಬರ ಹೊಣೆಯಲ್ಲಿ ಹೇಳಿದಂಥವು. ಇಂದಿನ ಚಿತ್ರಶಾಲೆಗಳಲ್ಲಿ ಬಿಳಿಯ ಗೋಡೆಯ ಮೇಲೆ ಕೆಲವೇ ಚಿತ್ರಗಳೂ, ಪಕ್ಕದಲ್ಲಿ ಊರು, ವರ್ಷ, ಸಂದರ್ಭ ತಿಳಿಸುವ ಉದ್ದನೆಯ ಬರಹವೂ ಕಾಣುವುದು ಈ ಬದಲಾವಣೆಯ ಫಲ. ಎಷ್ಟೋ ಕಡೆ ಚಿತ್ರದಲ್ಲಿರುವವರ ಮಾತನ್ನೂ ಅವರ ಬಾಯಿಂದಲೇ ಕೇಳಿ ಬರೆದಿರುತ್ತಾರೆ.

ಸ್ಟೈಕನ್ ೧೯೭೩ರಲ್ಲಿ ತೀರಿಕೊಂಡ. ಅವನ ಪ್ರದರ್ಶನ ಉಳಿದಿದೆ. ಅವನ ಹುಟ್ಟುನಾಡಾದ ಲಕ್ಸೆಂಬರ್ಗಿನ ಕ್ಲೆರ್ವೊ ಎಂಬ ಊರಿನ ಕೋಟೆಮನೆಯಲ್ಲಿ ೧೯೯೪ರಿಂದ ಅದು ಶಾಶ್ವತವಾಗಿ ನೆಲೆಗೊಂಡಿದೆ. ೨೦೦೩ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ಜಗತ್ತಿನ ನೆನಪಿನ ದಾಖಲೆಗಳ ಪಟ್ಟಿಗೆ ಸೇರಿಸಿತು. ಲೋಕವನ್ನು ಸುತ್ತಿ ಸವೆದ ಚಿತ್ರಗಳನ್ನು ಜೀರ್ಣೋದ್ಧಾರ ಮಾಡಿ ೨೦೧೩ರಲ್ಲಿ ಮತ್ತೆ ತೆರೆದರು. ಅಲ್ಲಿಗೆ ಹೋಗುವುದು ನಮ್ಮಲ್ಲಿ ಎಲ್ಲರಿಗೂ ಆಗುವ ಮಾತಲ್ಲ. ಆದರೆ ಛಾಯಾಚಿತ್ರಕ್ಕೆ ಮುಖ್ಯ ಸ್ಥಾನ ಕೊಟ್ಟ ಕಲಾ ಸಂಗ್ರಹಾಲಯವೊಂದು ೨೦೨೩ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿಯೇ ಬಾಗಿಲು ತೆರೆದಿದೆ. ಸಣ್ಣಪುಟ್ಟ ಊರುಗಳ ಸಭಾಂಗಣಗಳಲ್ಲಿಯೂ ಛಾಯಾಗ್ರಾಹಕರ ಸಂಘಗಳು ಆಗಾಗ ಪ್ರದರ್ಶನಗಳನ್ನು ಏರ್ಪಡಿಸುತ್ತವೆ.

ಅಂಥಲ್ಲಿಗೆ ಹೋದಾಗ ಅವಸರ ಬೇಡ. ಐವತ್ತು ಚಿತ್ರಗಳ ಮುಂದೆ ನಡೆದುಹೋಗುವುದಕ್ಕಿಂತ ಐದರ ಮುಂದೆ ನಿಲ್ಲುವುದು ಮೇಲು. ಮೊದಲು ಚಿತ್ರವನ್ನೇ ನೋಡಿ. ಮನಸ್ಸು ಕರಗಿದರೆ ಕರಗಲಿ, ಅದು ಸ್ಟೈಕನ್ ನಮಗೆ ಕಲಿಸಿದ್ದು. ಆಮೇಲೆ ಕೇಳಿ: ಇವರು ಯಾರು? ಎಲ್ಲಿಯವರು? ಅಂದು ಏನು ನಡೆದಿತ್ತು? ಕ್ಯಾಮೆರಾ ಹಿಡಿದವನಿಗೆ ಇವರು ಒಪ್ಪಿಗೆ ಕೊಟ್ಟಿದ್ದರೆ? ಆಮೇಲೆ ಇವರ ಬಾಳು ಏನಾಯಿತು? ಇದು ನಿಪೋಮೊದ ಆ ತಾಯಿಯೂ ನಾಗಸಾಕಿಯ ಆ ಬಾಲಕನೂ ನಮಗೆ ಕಲಿಸಿದ್ದು. ಉತ್ತರ ಗೋಡೆಯ ಮೇಲೆ ಬರೆದಿಲ್ಲದಿದ್ದರೆ ಅಲ್ಲಿರುವವರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ನೆಂಟರ ಮನೆಗೆ ಹೋದವರು ಅಲ್ಲಿ ಕುಳಿತ ಮುದುಕಿಯನ್ನು ನೋಡಿ ಸುಮ್ಮನೆ ಬರುತ್ತಾರೆಯೆ? ಹೆಸರು ಕೇಳುತ್ತಾರೆ, ಯೋಗಕ್ಷೇಮ ವಿಚಾರಿಸುತ್ತಾರೆ.